ಹೆಸರಿನ ಮುಂದೊಂದು ಗೆರೆ

ಕಪ್ಪು ಕಲ್ಲಿನ ಮೇಲೆ ಕೆತ್ತಿದ್ದ ಹೆಸರನ್ನು ಎರಡೆರಡು ಸಲ ಓದಿದೆ. ಅದು ನನ್ನ ಪಕ್ಕದಲ್ಲೇ ನಗುತ್ತಾ ನಿಂತಿದ್ದ ಫ್ರೌ ವೇಬರ್ ಅವರ ಹೆಸರು! ಮುಂದೆ ಹುಟ್ಟಿದ ಇಸವಿ, ಒಂದು ಗೆರೆ, ಆಮೇಲೆ ಏನೂ ಇಲ್ಲ.

ಧಾರವಾಡದಿಂದ ಬಂದಿದ್ದ ಅತ್ತೆಗೆ ಜರ್ಮನಿಯ ನಮ್ಮೂರು ಕಾರ್ಲ್ಸ್‌ರುಹೆಯ ಜಪಾನಿ ತೋಟ ತೋರಿಸಲು ಹೊರಟಿದ್ದೆ. ಕೆಳಮನೆಯ ಅಜ್ಜಿ ಫ್ರೌ (ಶ್ರೀಮತಿ) ವೇಬರ್, "ಅಲ್ಲಿ ಬರೀ ಟೂರಿಸ್ಟುಗಳು. ಊರಲ್ಲೇ ಚೆಂದದ ಜಾಗ ನಾನು ತೋರಿಸ್ತೀನಿ" ಎಂದು ನಮ್ಮನ್ನು ಟ್ರಾಮ್ ಹತ್ತಿಸಿದರು. ಹಿಂದಿನ ಗೇಟಿನಿಂದ ಒಳಹೊಕ್ಕರೆ ಎತ್ತರದ ಮರಗಳು, ಗುಲಾಬಿ, ಬೆಂಚು. ತೋಟವೆಂದೇ ತಿಳಿದ ಅತ್ತೆ ಡಬ್ಬಿ ಬಿಚ್ಚಿ ಮೂವರಿಗೂ ಚಕ್ಕುಲಿ ಹಂಚಿದರು. ತಿಂದು ಎದ್ದು ಪೊದೆ ದಾಟಿದರೆ ಈ ಕಲ್ಲು.

"ನನ್ನ ಗಂಡ ಇಲ್ಲಿದ್ದಾರೆ. ಪಕ್ಕದ ಜಾಗ ನನಗೆ. ಬೆಳಗಿನ ಬಿಸಿಲು ಚೆನ್ನಾಗಿ ಬೀಳುತ್ತೆ, ಅಲ್ವಾ?" ಎಂದರು ಅಜ್ಜಿ ಜರ್ಮನ್‌ನಲ್ಲಿ, ಹೊಸ ಮನೆ ತೋರಿಸುವವರಂತೆ.

ತಡವರಿಸುತ್ತಾ ಅದನ್ನೇ ಅತ್ತೆಗೆ ಕನ್ನಡದಲ್ಲಿ ಹೇಳಿದೆ. ಅವರು ಕೈಯಲ್ಲಿದ್ದ ಡಬ್ಬಿಯನ್ನೊಮ್ಮೆ, ಕಲ್ಲನ್ನೊಮ್ಮೆ ನೋಡಿದರು.

"ಅಯ್ಯ ಶಿವನ! ಸುಡಗಾಡದಾಗ ಕುಂತು ಚಕ್ಕಲಿ ತಿಂದ್ವಲ್ಲವಾ! ಈಕಿ ನೋಡಿದ್ರ ಬದುಕಿದ್ದಾಗನ ತನ್ನ ಹೆಸರು ಕೆತ್ತಿಸ್ಕೊಂಡಾಳ!"

ಅತ್ತೆ ಏನೆಂದರು ಎಂದು ಫ್ರೌ ವೇಬರ್ ಕೇಳಿದರು. ಜಾಗ ತುಂಬಾ ಚೆನ್ನಾಗಿದೆಯಂತೆ ಎಂದೆ. ಖುಷಿಯಾಗಿ ಇನ್ನೊಂದು ಚಕ್ಕುಲಿಗೆ ಕೈ ಚಾಚಿದರು.

ಮನೆಗೆ ಬಂದವರೇ ಅತ್ತೆ ತಾವೂ ತಲೆಸ್ನಾನ ಮಾಡಿ, ನನಗೂ ಮಾಡಿಸಿದರು. ಆದರೂ ಆ ಕಲ್ಲು ಕಣ್ಣಿನಿಂದ ತೊಳೆದುಹೋಗಿಲ್ಲ. ಈಗಲೂ ಕೆಳಗಿನ ಬಾಗಿಲ ಬೆಲ್ಲಿನ ಪಕ್ಕ ‘ವೇಬರ್’ ಎಂಬ ಹೆಸರು ಕಂಡಾಗಲೆಲ್ಲ, ಅದರ ಮುಂದೊಂದು ಗೆರೆ ಇದೆಯೇನೋ ಎಂದು ಕಣ್ಣು ಹುಡುಕುತ್ತದೆ.