ದನಕ್ಕೆ ಹೆಪ್ಪು ತಿನ್ನಿಸಿದರೆ: ಡಾ. ಸುಗಂಧಿಯವರ ಗಾಜಿನ ತಟ್ಟೆಯ ವಿಜ್ಞಾನ

ಜೀವವನ್ನು ಜೀವಿಯ ಹೊರಗೆ ತಂದು, ತಟ್ಟೆಯಲ್ಲಿಟ್ಟು, ಬೆಚ್ಚಗೆ ಕಾಪಾಡಿ, ಅದಕ್ಕೆ ಪ್ರಶ್ನೆ ಕೇಳುವ ವಿದ್ಯೆಯೊಂದಿದೆ. ಅದಕ್ಕೆ ವಿಜ್ಞಾನಿಗಳು ಇಟ್ಟ ಹೆಸರು ‘ಇನ್ ವಿಟ್ರೊ’. ಲ್ಯಾಟಿನ್ನಿನಲ್ಲಿ ಹಾಗೆಂದರೆ ‘ಗಾಜಿನೊಳಗೆ’ ಎಂದರ್ಥ. ಈಗ ಆ ತಟ್ಟೆಗಳೆಲ್ಲ ಪ್ಲಾಸ್ಟಿಕ್ಕಿನವು. ಗಾಜು ಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿಯಿತು. ಈ ವಿದ್ಯೆಗೆ ಲಂಡನ್ ಮಹಾನಗರದ ಪಶ್ಚಿಮ ಭಾಗದ ಪ್ರಯೋಗಾಲಯವೊಂದರಲ್ಲಿ ತಮ್ಮ ವೃತ್ತಿಜೀವನವನ್ನೇ ಧಾರೆಯೆರೆದು, ಔಷಧಿಗಳು ಮನುಷ್ಯರ ಮೈ ಸೇರುವ ಮೊದಲು ಅವುಗಳ ಗುಣಾವಗುಣಗಳನ್ನು ಜೀವಕೋಶಗಳ ಬಾಯಿಂದಲೇ ಹೇಳಿಸುವುದರಲ್ಲಿ ಪಳಗಿದವರು ನಮ್ಮ ಡಾ. ಸುಗಂಧಿಯವರು. ಆ ತಟ್ಟೆ ಏನು ಹೇಳುತ್ತದೆ ಎಂಬುದನ್ನು ಬಲ್ಲವರು ಹಲವರಿದ್ದಾರೆ. ಅದು ಏನನ್ನು ಹೇಳುವುದಿಲ್ಲ ಎಂಬುದನ್ನು ಅವರಷ್ಟು ಕಷ್ಟಪಟ್ಟು ಕಲಿತವರು ವಿರಳ. ಅವರು ಸೇವೆಯಿಂದ ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಹೇಳಬೇಕಾದದ್ದು ಆ ಕಲಿಕೆಯ ಕಥೆಯನ್ನೇ.

ಕುಂದಾಪುರದ ಕಡೆಯ ಸುಗಂಧಿಯವರು ಮದುವೆಯಾಗಿ ಲಂಡನ್ನಿಗೆ ಬಂದು ಹ್ಯಾರೋ ಬಡಾವಣೆಯ ಕೆಂಟನ್ನಿನಲ್ಲಿ ಮನೆ ಮಾಡಿದಾಗ, ಜೊತೆಗೆ ತಂದದ್ದು ಸಸ್ಯಶಾಸ್ತ್ರದ ಒಂದು ಪದವಿ ಮತ್ತು ಏನನ್ನು ಕಂಡರೂ “ಇದು ಎಂತಕ್ಕೆ ಹೀಂಗೆ?” ಎಂದು ಕೇಳುವ ಹುಟ್ಟುಗುಣ. ಪ್ರಯೋಗಾಲಯದಲ್ಲಿ ಸಹಾಯಕಿಯಾಗಿ ಸೇರಿದ ಮೊದಲ ವಾರ ಅವರಿಗೆ ಜೀವಕೋಶಗಳನ್ನು ಸಾಕುವ ಕೆಲಸ ಕೊಟ್ಟರು. ತಟ್ಟೆ ತುಂಬಿದಾಗ ಸ್ವಲ್ಪವನ್ನು ತೆಗೆದು ಹೊಸ ತಟ್ಟೆಯ ಹೊಸ ಆಹಾರಕ್ಕೆ ಹಾಕುವುದು, ಅದು ಬೆಳೆದಾಗ ಮತ್ತೆ ಸ್ವಲ್ಪ ತೆಗೆಯುವುದು, ಎಂದೂ ಮುಗಿಯಲು ಬಿಡದಿರುವುದು. ಇದನ್ನು ಕಲಿಸಲು ಹಿರಿಯರೊಬ್ಬರು ದೊಡ್ಡ ಪೀಠಿಕೆ ಹಾಕುತ್ತಿದ್ದರೆ ಸುಗಂಧಿಯವರಿಗೆ ನಗು. ಅವರಮ್ಮ ದಿನವೂ ಮಾಡುತ್ತಿದ್ದದ್ದು ಇದನ್ನೇ ಅಲ್ಲವೇ? ನಿನ್ನೆಯ ಮೊಸರಿನಿಂದ ಚಮಚೆಯಷ್ಟು ತೆಗೆದು ಇಂದಿನ ಹಾಲಿಗೆ ಹೆಪ್ಪು ಹಾಕುವುದು!

ಹೆಪ್ಪು ಹಾಕುವ ಆ ಕೈಗೆ ಜೀವಕೋಶಗಳು ಒಲಿದವು. ಓದು ಮುಂದುವರಿಸಿ ಡಾಕ್ಟರೇಟು ಪಡೆದರು; ಸಹಾಯಕಿಯಾಗಿದ್ದ ಕೋಣೆಗೇ ಮುಖ್ಯಸ್ಥೆಯಾದರು. ಬೇರೆ ಪ್ರಯೋಗಾಲಯದವರು ತಮ್ಮ ಜೀವಕೋಶಗಳಿಗೆ ಬೂಸ್ಟು ಬಂದು ಕೈ ಚೆಲ್ಲಿ ಕೂತಾಗ, ಕೇಳುವ ಮೊದಲೇ ತಮ್ಮಲ್ಲಿದ್ದುದನ್ನು ಪುಟ್ಟ ಶೀಶೆಯಲ್ಲಿ ಕಳಿಸಿಕೊಡುವುದು ಅವರ ಪದ್ಧತಿ. ಊರಿನ ಕಡೆ ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂಬ ರೂಢಿಯಿದೆ. ಲಂಡನ್ನಿನ ಚಳಿಗಾಲದಲ್ಲಿ ಮಧ್ಯಾಹ್ನದ ಚಹಾ ಆರುವ ಮೊದಲೇ ದೀಪ ಹಚ್ಚಬೇಕಾಗುವುದರಿಂದ ಆ ರೂಢಿ ಪಾಲಿಸಿದರೆ ಇಲ್ಲಿ ಯಾರಿಗೂ ಮೊಸರಿಲ್ಲ ಎಂದು ತಮಾಷೆ ಮಾಡುತ್ತ, ಎರಡೂ ಬಗೆಯ ಹೆಪ್ಪುಗಳನ್ನು ಹೊತ್ತುಗೊತ್ತು ನೋಡದೆ ಹಂಚಿದರು.

ಇಷ್ಟೆಲ್ಲ ಬಲ್ಲವರೂ ಒಮ್ಮೆ ಎಡವಿದರು. ಅವರ ಬಗ್ಗೆ ಗೌರವ ಹೆಚ್ಚಿದ್ದು ಆ ಎಡವಿದ ಜಾಗದಲ್ಲೇ ಆದ್ದರಿಂದ ಅದನ್ನು ಮುಚ್ಚಿಡುವುದು ಸರಿಯಲ್ಲ. ಮುಚ್ಚಿಡಲು ಅವರೂ ಬಿಡುವವರಲ್ಲ.

ಕೆಲವು ವರ್ಷಗಳ ಹಿಂದೆ ಊರಿನಿಂದ ಅಮ್ಮ ಕಳಿಸಿದ, ಕೋಕಂ ಎಂದೂ ಕರೆಯುವ ಪುನರ್ಪುಳಿಯ ಒಣ ಸಿಪ್ಪೆ ಅವರ ಕುತೂಹಲ ಕೆರಳಿಸಿತು. ಪಿತ್ತಕ್ಕೆ, ಬಾಯಾರಿಕೆಗೆ, ಊಟದ ಕೊನೆಯ ಸಾರಿಗೆ ನಾವೆಲ್ಲ ಬಳಸುವ ಈ ಹುಳಿಗೆ ತಟ್ಟೆ ಏನೆನ್ನುತ್ತದೆ? ಸಿಪ್ಪೆಯನ್ನು ನೆನೆಸಿ, ರಸ ಸೋಸಿ, ಮಿಕ್ಕಿದ್ದ ಒಂದು ತಟ್ಟೆಯ ಕ್ಯಾನ್ಸರ್ ಜೀವಕೋಶಗಳಿಗೆ ಹಾಕಿದರು. ಮರುದಿನ ನೋಡಿದರೆ ಎಲ್ಲವೂ ಸತ್ತು ತೇಲುತ್ತಿದ್ದವು. ಅವರು ಹಿಗ್ಗಿ ಒಂದು ಫೋಟೋ ತೆಗೆದರು. ಅದೇ ವಾರ ಹ್ಯಾರೋದ ಶಾಲೆಯೊಂದರ ಸಭಾಂಗಣದಲ್ಲಿ ನಮ್ಮ ಕನ್ನಡ ಸಂಘದ ರಾಜ್ಯೋತ್ಸವ. “ನಿಮ್ಮ ಸಂಶೋಧನೆಯ ಬಗ್ಗೆ ಕನ್ನಡದಲ್ಲಿ ನಾಲ್ಕು ಮಾತು” ಎಂದು ಸಂಘದವರು ಕೇಳಿದ್ದರು. ಸುಗಂಧಿಯವರು ಫೋಟೋ ತೋರಿಸಿ, ಪುನರ್ಪುಳಿಯ ರಸಕ್ಕೆ ತಟ್ಟೆಯಲ್ಲಿನ ಕ್ಯಾನ್ಸರ್ ಕೋಶಗಳು ಸತ್ತವೆಂದರು. “ಆದರೆ” ಎನ್ನುವಷ್ಟರಲ್ಲಿ ಊಟ ಆರುತ್ತಿದೆಯೆಂದು ನಿರೂಪಕರು ಗಂಟೆ ಬಾರಿಸಿದರು. ಹೊರಗೆ ಬಿಸಿಬೇಳೆಬಾತಿನ ಘಮ. ಚಪ್ಪಾಳೆ ಬಿತ್ತು. ಆ ‘ಆದರೆ’ ಅವರ ಬಾಯಲ್ಲೇ ಉಳಿಯಿತು.

ಸಭೆಯಲ್ಲಿ ಕರುಣಾಕರ ಅವರೂ ಇದ್ದರು. ಉಡುಪಿಯ ಕಡೆಯವರು, ಹ್ಯಾರೋದಲ್ಲಿ ಹೋಟೆಲು ನಡೆಸುವವರು, ಸುಗಂಧಿಯವರ ಕುಟುಂಬಕ್ಕೆ ಬಹುಕಾಲದ ಸ್ನೇಹಿತರು. ಅವರ ಪತ್ನಿ ಮೀರಾ ಅವರಿಗೆ ಸ್ತನ ಕ್ಯಾನ್ಸರ್ ಇರುವುದು ಆಗಷ್ಟೇ ಪತ್ತೆಯಾಗಿತ್ತು.

ಒಂದು ಶುಕ್ರವಾರದ ಸಂಜೆ ಸುಗಂಧಿಯವರು ಸ್ಟೀಲಿನ ಡಬ್ಬಿಯಲ್ಲಿ ಹೆಪ್ಪು ಹಿಡಿದು ಅವರ ಮನೆಗೆ ಹೋದರು. ಆಸ್ಪತ್ರೆಯ ಓಡಾಟದಲ್ಲಿ ಮೀರಾ ಹಾಲಿಗೆ ಹೆಪ್ಪು ಹಾಕುವುದನ್ನೇ ಬಿಟ್ಟಿದ್ದರೆಂದು ಕೇಳಿ ತಂದದ್ದು ಅದು. ಅಡುಗೆಮನೆಯ ಕಟ್ಟೆಯ ಮೇಲೆ ಕಡುಗೆಂಪು ರಸದ ಬಾಟಲಿಗಳ ಸಾಲು. ಹೋಟೆಲಿಗೆ ಇರಬೇಕೆಂದುಕೊಂಡು ಅವರು ಸುಮ್ಮನೆ ಕೇಳಿದರು, “ಇದೆಂತ ಕರುಣಾಕರಣ್ಣ, ಚಳಿಗಾಲದಲ್ಲಿ ಶರಬತ್ತು ಯಾರು ಕುಡಿತಾರೆ?”

“ಮೀರಾ ಕುಡಿಯೂದು ಮಾರಾಯ್ರೆ! ಬೆಳಿಗ್ಗೆ ಒಂದ್ ಗ್ಲಾಸು, ರಾತ್ರಿ ಒಂದ್ ಗ್ಲಾಸು. ಮುಂದಿನ ವಾರ ಕೀಮೋ ಶುರು ಅಂದಿದ್ರು. ಸೋಮವಾರ ಫೋನ್ ಮಾಡಿ ಸದ್ಯಕ್ಕೆ ಬೇಡ ಅಂತ ಹೇಳ್ತೇನೆ. ಆ ವಿಷ ಎಂತಕ್ಕೆ? ನಮ್ಮೂರ ಹುಳಿ, ನಮ್ಮೂರ ಡಾಕ್ಟ್ರು. ನೀವೇ ಫೋಟೋ ತೋರ್ಸಿದ್ರಲ್ಲ!”

ಪಕ್ಕದಲ್ಲಿದ್ದ ಮೀರಾ ಅವರ ಕೈಗೆ ಡಬ್ಬಿ ಕೊಟ್ಟು ಸುಗಂಧಿಯವರು ಒಂದು ಬಾಟಲಿಯನ್ನು ಎತ್ತಿ ನೋಡಿದರು. ಸುಳ್ಳು ಹೇಳಿದ್ದರೆ ಹಿಂತೆಗೆದುಕೊಳ್ಳಬಹುದಿತ್ತು. ಅವರು ಹೇಳಿದ್ದು ನಿಜವನ್ನೇ. ಅರ್ಧ ನಿಜ ಈಗ ಬಾಟಲಿಗಳಾಗಿ ಕಟ್ಟೆಯ ಮೇಲೆ ಕೂತಿತ್ತು. ಇನ್ ವಿಟ್ರೊ ಎಂದರೇನು, ಡೋಸು ಎಂದರೇನು ಎಂದು ಕೂತು ವಿವರಿಸಿದರು. ಕರುಣಾಕರ ಎಲ್ಲಕ್ಕೂ ತಲೆಯಾಡಿಸಿದರು. ಮುಗಿದ ಮೇಲೆ, “ಅದೆಲ್ಲ ಸರಿ. ಸತ್ತದ್ದು ಹೌದಲ್ದಾ?” ಎಂದರು. ಹೆಂಡತಿ ವಾಂತಿ ಮಾಡಿಕೊಂಡು ಕೂದಲು ಕಳೆದುಕೊಳ್ಳುವುದನ್ನು ನೋಡಲಾರದ ಗಂಡಸಿಗೆ ಆ ಫೋಟೋ ದೇವರ ಪ್ರಸಾದವಾಗಿತ್ತು. ಪ್ರಸಾದದ ಜೊತೆ ವಾದ ಮಾಡಿ ಗೆದ್ದವರುಂಟೇ? ಮೀರಾ ಮಾತ್ರ ಹೆಪ್ಪಿನ ಡಬ್ಬಿಯನ್ನು ಕೈಯಲ್ಲಿ ತಿರುಗಿಸುತ್ತ ಕೂತಿದ್ದರು.

ಗದರುವುದು ಸುಲಭವಿತ್ತು. ಸುಗಂಧಿಯವರು ಗದರಲಿಲ್ಲ. “ಒಂದು ಕೆಲಸ ಮಾಡುವ ಕರುಣಾಕರಣ್ಣ. ನಿಮ್ಮ ಹೋಟೆಲಿನಿಂದ ನಿಮಗೆ ಬೇಕಾದ್ದು ಕೊಡಿ, ಪುನರ್ಪುಳಿಯೂ ಇರಲಿ. ಎಲ್ಲವನ್ನೂ ತಟ್ಟೆಗೆ ಹಾಕಿ ಇಡ್ತೇನೆ. ಭಾನುವಾರ ಇಬ್ಬರೂ ಬಂದು ನಿಮ್ಮ ಕಣ್ಣಿಂದಲೇ ಕಾಣಿ. ಅಲ್ಲಿವರೆಗೆ ಆಸ್ಪತ್ರೆಗೆ ಫೋನ್ ಮಾಡುದು ಬೇಡ.” ಅಡುಗೆಯ ಪರೀಕ್ಷೆಯೆಂದರೆ ಯಾವ ಅಡುಗೆಯವರು ಬಿಟ್ಟಾರು? ಕರುಣಾಕರ ಉತ್ಸಾಹದಿಂದ ಹುಣಸೆಯ ನೀರು, ನಿಂಬೆರಸ, ಕಾಫಿಯ ಡಿಕಾಕ್ಷನ್ನು, ಜೊತೆಗೆ ತಮ್ಮ ಹೆಮ್ಮೆಯ ಟೊಮೇಟೊ ಸಾರನ್ನೂ ಕೊಟ್ಟರು.

ಶನಿವಾರ ಪ್ರಯೋಗಾಲಯದಲ್ಲಿ ಅವುಗಳನ್ನು ಸೋಸುವಾಗ ಜೊತೆಗಿದ್ದವಳು ಸ್ಮೃತಿ. ಹ್ಯಾರೋದಲ್ಲೇ ಹುಟ್ಟಿ ಬೆಳೆದ ವಿದ್ಯಾರ್ಥಿನಿ. ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಪುನರ್ಪುಳಿಯ ಕಥೆ ಕೇಳಿ ಅವಳು ಹುಬ್ಬೇರಿಸಿ, “ಬಟ್ ಆಂಟೀ, ನಾರ್ಮಲ್ ಸೆಲ್ಸ್ ಮೇಲೆ ಟ್ರೈ ಮಾಡಿದ್ರಾ?” ಎಂದಳು. ಅಚ್ಚರಿಗೆ ಆ ಒಂದು ಸಲ ಅರ್ಧ ಕನ್ನಡವೂ ಬಂದಿತ್ತು.

ಮಾಡಿರಲಿಲ್ಲ. ಹೊಸ ವಿದ್ಯಾರ್ಥಿಗಳು ಮರೆತರೆ ತಾವೇ ಕಿವಿ ಹಿಂಡುತ್ತಿದ್ದ ಆ ಮೊದಲ ಪಾಠವನ್ನು, ಊರಿನ ಹುಳಿಯೆಂಬ ಅಭಿಮಾನದಲ್ಲಿ, ಸುಗಂಧಿಯವರು ತಾವೇ ಮರೆತಿದ್ದರು. ಬೇರೆ ಯಾವ ಕಂಪನಿಯ ಔಷಧಿಯಾಗಿದ್ದರೂ ಹತ್ತು ಪ್ರಶ್ನೆ ಕೇಳುತ್ತಿದ್ದವರು ಅಮ್ಮ ಕಳಿಸಿದ ಸಿಪ್ಪೆಗೆ ಒಂದೂ ಕೇಳಿರಲಿಲ್ಲ. ಅವರು ಆರೋಗ್ಯವಂತ ಚರ್ಮದ ಜೀವಕೋಶಗಳ ತಟ್ಟೆಗಳನ್ನೂ ಹೊರತೆಗೆದರು.

ಭಾನುವಾರ ಸಂದರ್ಶಕರ ಬಿಲ್ಲೆ ಕೊರಳಿಗೆ ಹಾಕಿಕೊಂಡು ದಂಪತಿ ಬಂದರು. ಮೊದಲು ಏನನ್ನೂ ಹಾಕದ ಕ್ಯಾನ್ಸರ್ ಕೋಶಗಳ ತಟ್ಟೆ. ಸೂಕ್ಷ್ಮದರ್ಶಕದಲ್ಲಿ ಜೀವಕೋಶಗಳು ಕೈಕಾಲು ಚಾಚಿ ನೆಲಕ್ಕೆ ಅಂಟಿಕೊಂಡು ಮಲಗಿದ್ದವು. ಪುನರ್ಪುಳಿಯ ತಟ್ಟೆಯಲ್ಲಿ ಗುಂಡಗೆ ಮುದುಡಿ ತೇಲುತ್ತಿದ್ದವು. ಕರುಣಾಕರರ ಮುಖ ಅರಳಿತು. ಆಮೇಲೆ ನಿಂಬೆ: ಗುಲಾಬಿಯಾಗಿದ್ದ ಆಹಾರದ ದ್ರವ ಹುಳಿ ತಾಗಿ ಹಳದಿಗೆ ತಿರುಗಿತ್ತು, ಕೋಶಗಳು ಸತ್ತಿದ್ದವು. ಹುಣಸೆ: ಸತ್ತಿದ್ದವು. ಡಿಕಾಕ್ಷನ್ನು: ಸತ್ತಿದ್ದವು. ಸಾರು: ಹೇಳುವುದೇ ಬೇಡ.

“ಹಾಂಗಾರೆ ನನ್ನ ಸಾರೂ ಕ್ಯಾನ್ಸರಿಗೆ ಮದ್ದು!” ಎಂದು ಕರುಣಾಕರ ಜೋರಾಗಿ ನಕ್ಕರು. ಜೊತೆಗೆ ಯಾರೂ ನಗಲಿಲ್ಲ. ನಗು ಅರ್ಧಕ್ಕೆ ನಿಂತಿತು. ಅಡುಗೆ ಬಲ್ಲವರಿಗೆ ಹುಳಿಯ ಕೆಲಸ ಹೇಳಿಕೊಡಬೇಕಾಗಿರಲಿಲ್ಲ.

ಆಮೇಲೆ ಸುಗಂಧಿಯವರು ಚರ್ಮದ ಜೀವಕೋಶಗಳ ತಟ್ಟೆಯನ್ನಿಟ್ಟರು. ಪುನರ್ಪುಳಿ ಬಿದ್ದಲ್ಲಿ ಅವೂ ಹಾಗೆಯೇ ಮುದುಡಿದ್ದವು. “ಇವು ಒಳ್ಳೆಯವು. ಕಾಯಿಲೆ ಇಲ್ಲದವು. ಇದನ್ನು ನಾನು ಮೊದಲೇ ನೋಡಬೇಕಿತ್ತು. ನೋಡಲಿಲ್ಲ. ತಪ್ಪು ನಂದು.”

ಆಗ ಮೀರಾ ಬಾಯಿ ತೆರೆದರು. “ಸುಗಂಧಕ್ಕ, ಆಸ್ಪತ್ರೆ ಮದ್ದೂ ಒಳ್ಳೇದನ್ನು ಕೊಲ್ತದಲ್ಲ? ಅದಕ್ಕೇ ಅಲ್ದಾ ಕೂದಲು ಉದುರೂದು? ಹಾಂಗಾರೆ ಅದಕ್ಕೂ ಇದಕ್ಕೂ ಎಂತ ವ್ಯತ್ಯಾಸ?”

ತಟ್ಟೆಯ ಸುತ್ತ ಆಯುಷ್ಯ ಕಳೆದ ಸುಗಂಧಿಯವರಿಗೆ ಇಷ್ಟು ನೇರವಾದ ಪ್ರಶ್ನೆಯನ್ನು ಯಾವ ವಿದ್ವತ್ಸಭೆಯೂ ಕೇಳಿರಲಿಲ್ಲ. ಅದಕ್ಕೆ ನುಣುಚುವ ಉತ್ತರ ಕೊಡಲು ಅವರಿಗೆ ಮನಸ್ಸಾಗಲಿಲ್ಲ. “ಕೊಲ್ತದೆ ಮೀರಾ. ಸುಳ್ಳು ಹೇಳೂದಿಲ್ಲ. ಆ ಮದ್ದೂ ಮೊದಲು ಇಂಥದ್ದೇ ತಟ್ಟೆಗೆ ಬಿದ್ದದ್ದು. ಆಮೇಲೆ ಪ್ರಾಣಿಗಳಿಗೆ ಕೊಟ್ಟು ನೋಡಿದ್ರು, ಆಮೇಲೆ ನಾಲ್ಕು ಜನರಿಗೆ, ಆಮೇಲೆ ಸಾವಿರಾರು ಜನರಿಗೆ. ಎಷ್ಟು ಕೊಟ್ರೆ ಯಾವುದು ಸಾಯ್ತದೆ, ಯಾವುದು ಚೇತರಿಸ್ತದೆ, ಎಲ್ಲ ಕಂಡಿದ್ದಾರೆ. ಪುನರ್ಪುಳಿಯನ್ನು ಕಂಡದ್ದು ನಾನೊಬ್ಬಳು, ಒಂದು ತಟ್ಟೆಯಲ್ಲಿ. ನೀನು ಕುಡಿದದ್ದು ಹೊಟ್ಟೆಗೆ ಹೋಗ್ತದೆ, ಕರಗ್ತದೆ, ಬದಲಾಗ್ತದೆ. ಗಡ್ಡೆ ಇರುವಲ್ಲಿಗೆ ಎಂತ ಮುಟ್ತದೆ, ಮುಟ್ತದಾ ಇಲ್ಲವಾ, ಯಾರಿಗೂ ಗೊತ್ತಿಲ್ಲ.” ಅಷ್ಟು ಹೇಳಿ ಅವರು ಕೇಳಿದರು, “ಪಾತ್ರೆಯ ಹಾಲಿಗೆ ಹೆಪ್ಪು ಹಾಕಿದ್ರೆ ಮೊಸರಾಗ್ತದೆ. ದನಕ್ಕೆ ಹೆಪ್ಪು ತಿನ್ನಿಸಿದ್ರೆ ಮೊಸರು ಕೊಡ್ತದಾ?”

ಮೀರಾ ತಟ್ಟನೆ ನಕ್ಕುಬಿಟ್ಟರು. ಕಾಯಿಲೆ ತಿಳಿದ ಮೇಲೆ ಆಕೆ ನಕ್ಕದ್ದು ಅದೇ ಮೊದಲಂತೆ. ನಗುತ್ತ ನಗುತ್ತಲೇ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಗಂಡನ ಕಡೆ ತಿರುಗಿ, “ಫೋನ್ ಮಾಡುದು ಬೇಡ. ನಂಗೂ ಹೆದರಿಕೆ ಉಂಟು. ಆದ್ರೂ ಹೋಗುವ” ಎಂದರು. ಕರುಣಾಕರ ಬಹಳ ಹೊತ್ತು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯಲಿಲ್ಲ. ಅವರು ಅಳುತ್ತಿದ್ದುದು ಎಲ್ಲರಿಗೂ ತಿಳಿದಿತ್ತು.

ಅವರು ಹೋದ ಮೇಲೆ ಸ್ಮೃತಿ ಸಪ್ಪೆ ಮೋರೆ ಮಾಡಿ, “ದೆನ್ ವಾಟ್ ಈಸ್ ದ ಪಾಯಿಂಟ್, ಆಂಟೀ?” ಎಂದಳು. ನಿಂಬೆಹಣ್ಣೂ ಕೊಲ್ಲುವ ತಟ್ಟೆಯನ್ನು ನಂಬಿ ನಾವೇಕೆ ಬದುಕು ಸವೆಸಬೇಕು ಎಂಬುದು ಅವಳ ಅಳಲು. ಸುಗಂಧಿಯವರು ತಟ್ಟೆಗಳನ್ನು ತೊಳೆಯುವ ದ್ರಾವಣಕ್ಕೆ ಹಾಕುತ್ತ ಹೇಳಿದರು: “ತಟ್ಟೆ ಸುಳ್ಳು ಹೇಳಲಿಲ್ಲ ಪುಟ್ಟಾ. ಕೇಳಿದ್ದಕ್ಕೆ ಉತ್ತರ ಕೊಟ್ಟಿತು. ಕೇಳದೆ ಬಿಟ್ಟದ್ದು ನಾನು. ಇದು ಬಾಗಿಲು ಅಷ್ಟೇ. ಮನೆ ಹಾಳು ಮಾಡುವವರನ್ನು ಎಷ್ಟೋ ಸಲ ಇದು ಬಾಗಿಲಲ್ಲೇ ತಡೆದಿದೆ. ದಾಟಿ ಬಂದವರೆಲ್ಲ ನೆಂಟರು ಅಂತ ಅದು ಯಾವತ್ತೂ ಹೇಳಿಲ್ಲ.” ಪುನರ್ಪುಳಿಯ ರಸದ ಹುಳಿಯನ್ನು ತಗ್ಗಿಸಿ ಮತ್ತೆ ಪರೀಕ್ಷಿಸಬೇಕೆಂದು ಇಬ್ಬರೂ ಆಗಲೇ ಯೋಚಿಸತೊಡಗಿದರು. ತಗ್ಗಿಸಿದಾಗ ಕೋಶಗಳು ಅಷ್ಟಾಗಿ ಸಾಯಲಿಲ್ಲ. ಸತ್ತವು ಏಕೆ ಸತ್ತವೆಂಬುದು ಇನ್ನೂ ತಿಳಿಯದು. ಸ್ಮೃತಿ ಈಗ ಬೆನ್ನು ಹತ್ತಿರುವುದು ಅದನ್ನೇ.

ಕೀಮೋದ ಮೊದಲ ದಿನ ಮೀರಾ ಅವರ ಪಕ್ಕದಲ್ಲಿ ಕೂತವರು ಸುಗಂಧಿಯವರು. ಕೂದಲು ಉದುರಿದಾಗ ಹ್ಯಾರೋದ ಅಂಗಡಿಗಳಲ್ಲೆಲ್ಲ ಸುತ್ತಿ ಹತ್ತಿಯ ಮೆತ್ತನೆಯ ಸ್ಕಾರ್ಫು ಹುಡುಕಿ ತಂದವರೂ ಅವರೇ. ಯುಗಾದಿಯ ಸಭೆಯಲ್ಲಿ ತಾವಾಗಿಯೇ ವೇದಿಕೆ ಕೇಳಿ ಹತ್ತಿ, ಅದೇ ಫೋಟೋವನ್ನು ಮತ್ತೆ ತೋರಿಸಿ, ಪಕ್ಕದಲ್ಲಿ ಚರ್ಮದ ಕೋಶಗಳ ಫೋಟೋವನ್ನೂ ಇಟ್ಟು, ಉಳಿದುಹೋಗಿದ್ದ ‘ಆದರೆ’ಯನ್ನು ಪೂರ್ತಿ ಹೇಳಿದರು. ನಿರೂಪಕರು ಗಂಟೆಯ ಕಡೆ ಕೈ ಚಾಚಿದಾಗ ಮುಂದಿನ ಸಾಲಿನಿಂದ ಕರುಣಾಕರ ಎದ್ದು, “ಊಟ ಆರಲಿ ಮಾರಾಯ್ರೆ, ನಾನು ಬಿಸಿ ಮಾಡಿ ಕೊಡ್ತೇನೆ!” ಎಂದು ಕೂಗಿದರು. ಆ ಸಭೆಯಲ್ಲಿ ಚಪ್ಪಾಳೆ ಮೊದಲಿನಷ್ಟು ಜೋರಾಗಿರಲಿಲ್ಲ. ತಮ್ಮ ತಪ್ಪನ್ನು ತಾವೇ ಬೆಳಕಿಗೆ ಹಿಡಿದು ತೋರಿಸುವ ಆ ಧೈರ್ಯ, ಪದವಿ ಪುರಸ್ಕಾರಗಳಿಗಿಂತ ದೊಡ್ಡದೆಂದು ಅವರ ಜೊತೆ ಕೆಲಸ ಮಾಡಿದ ನಮ್ಮೆಲ್ಲರ ಭಾವನೆ.

ಬೀಳ್ಕೊಡುಗೆಯ ಮುನ್ನ ಸುಗಂಧಿಯವರು ತಾವು ಇಷ್ಟು ಕಾಲ ಸಾಕಿದ ಜೀವಕೋಶಗಳನ್ನು ಒಂದೊಂದು ಶೀಶೆಯಂತೆ ಶಿಷ್ಯರಿಗೆಲ್ಲ ಹಂಚಿದ್ದಾರೆ. ಇನ್ನು ಮುಂದೆ ಶಾಲೆಗಳಿಗೆ ಹೋಗಿ ಮಕ್ಕಳಿಗೆ ದನ ಮತ್ತು ಹೆಪ್ಪಿನ ಪ್ರಶ್ನೆ ಕೇಳುವ ಆಸೆ ಅವರದು. ಅವರಿಗೆ ನೂರು ವರ್ಷ ತುಂಬಲಿ, ಪ್ರಶ್ನೆಗಳು ಅದಕ್ಕೂ ಮೀರಿ ಉಳಿಯಲಿ ಎಂಬುದು ನಮ್ಮ ಹಾರೈಕೆ. ಕಾಗದದ ಮೇಲಿನ ಹಾರೈಕೆ ಫಲಿಸುವುದೋ ಇಲ್ಲವೋ ಎಂದು ಅವರೇ ಸಂದೇಹಪಟ್ಟಾರು. ದಯವಿಟ್ಟು ಬದುಕಿಯೇ ಪರೀಕ್ಷಿಸಬೇಕೆಂದು ವಿನಂತಿ.

ಬೀಳ್ಕೊಡುಗೆಯ ಊಟ ಕರುಣಾಕರ ಅವರ ಹೋಟೆಲಿನಲ್ಲೇ ನಡೆಯಿತು. ಹೊಸದಾಗಿ ದಟ್ಟವಾಗಿ ಬೆಳೆದ ಕೂದಲಿಗೆ ಮಲ್ಲಿಗೆ ಮುಡಿದು ಬಂದ ಮೀರಾ, ಕಡುಗೆಂಪು ಶರಬತ್ತಿನ ಗ್ಲಾಸೊಂದನ್ನು ತಂದು ಸುಗಂಧಿಯವರ ಕೈಗಿಟ್ಟು ಹೇಳಿದರು:

“ಕುಡಿನಿ ಸುಗಂಧಕ್ಕ. ಬಾಯಾರಿಕೆಗೆ ಒಳ್ಳೇದು. ಅದಕ್ಕೆ ಮಾತ್ರ.”