ಅಪ್ಪನನ್ನು ನಾನು ಆಫೀಸರ್ ಮಾಡಿದ್ದು

ಮೂರು ವರ್ಷದ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಅಪ್ಪ ಮೊದಲ ಸಲ ಅಮೆರಿಕಕ್ಕೆ ಬಂದಿದ್ದ. ಬಂದ ನಾಲ್ಕನೇ ದಿನ ನಡೆದದ್ದು ಇದು. ಇಷ್ಟು ದಿನ ಯಾರಿಗೂ ಹೇಳಿಲ್ಲ. ನನ್ನ ಗಂಡನಿಗೂ ಪೂರ್ತಿ ಹೇಳಿಲ್ಲ.

ನಮ್ಮಪ್ಪ ಮೀನು ಹಿಡಿಯುವವನು. ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಸಂಜೆ ಬಲೆ ಬಿಟ್ಟು, ಬೆಳಗಿನ ಜಾವ ತೆಪ್ಪದಲ್ಲಿ ಹೋಗಿ ಎತ್ತುತ್ತಾನೆ. ಅದರಲ್ಲೇ ನನ್ನನ್ನು ಮೈಸೂರಿನಲ್ಲಿಟ್ಟು ಓದಿಸಿದ. ಹಾಸ್ಟೆಲಿನಲ್ಲಿ ಅಪ್ಪನ ಕೆಲಸ ಗೊತ್ತಾದ ವಾರವೇ ನನ್ನ ರೂಮಿನ ಹುಡುಗಿ ತನ್ನ ಮಂಚವನ್ನು ಕಿಟಕಿಯ ಪಕ್ಕಕ್ಕೆ ಎಳೆದುಕೊಂಡಳು. "ಏನೋ ವಾಸನೆ ಕಣೇ" ಅಂದಳು. ಅವತ್ತಿನಿಂದ ನಾನು ದಿನಕ್ಕೆರಡು ಸಲ ಸ್ನಾನ ಮಾಡತೊಡಗಿದೆ. ಅಪ್ಪನ ಬಗ್ಗೆ ಯಾರಾದರೂ ಕೇಳಿದರೆ ಮಾತು ತೇಲಿಸುವುದನ್ನೂ ಕಲಿತೆ.

ಅಮೆರಿಕದಲ್ಲಿ, ಎವರ್‌ಗ್ರೀನ್ ಎಂಬ ಬಡಾವಣೆಯಲ್ಲಿ ಮನೆ ಮಾಡಿದ ಹೊಸತರಲ್ಲಿ, ಕನ್ನಡದವರು ಮನೆಗೊಂದು ಅಡುಗೆ ತಂದು ಸೇರುವ ಒಂದು ಪಾಟ್‌ಲಕ್ಕಿನಲ್ಲಿ ಪಕ್ಕದ ಬೀದಿಯ ದೇಸಾಯಿ ಅವರು ಕೇಳಿದರು, "ನಿಮ್ಮ ತಂದಿಯವರು ಏನ್ ಮಾಡ್ತಾರ್ರೀ?" ಧಾರವಾಡದ ಕಡೆಯ ಹಿರಿಯರು, ಒಳ್ಳೆಯ ಮನುಷ್ಯರು.

"ಫಿಶರೀಸು" ಅಂದೆ.

"ಡಿಪಾರ್ಟ್‌ಮೆಂಟಿನಾಗ? ಆಫೀಸರ್ ಏನ್ರೀ?"

ನಾನು ತಲೆಯಾಡಿಸಿದೆ. ಅಷ್ಟೇ. ಅಷ್ಟರಲ್ಲಿ ಅಪ್ಪ ಆಫೀಸರ್ ಆಗಿಬಿಟ್ಟ.

ಹಾಗಂತ ಅಪ್ಪನ ಮೇಲೆ ಪ್ರೀತಿ ಇರಲಿಲ್ಲ ಎಂದಲ್ಲ. ರೆಡ್‌ವುಡ್ ಸಿಟಿಯ ಆಫೀಸಿನಿಂದ ಸಂಜೆ ಫ್ರೀವೇಯಲ್ಲಿ ಬರುವಾಗ ದಿನವೂ ಫೋನು ಮಾಡುತ್ತಿದ್ದೆ. ಇಲ್ಲಿ ಸಂಜೆಯಾದಾಗ ಅಲ್ಲಿ ಬೆಳಗಾಗುತ್ತಿರುತ್ತದೆ. ಅಪ್ಪ ತೆಪ್ಪದಲ್ಲೇ ಕೂತು ಮಾತಾಡುತ್ತಿದ್ದ. "ಎರಡು ದೊಡ್ಡ ಕಾಟ್ಲಾ ಬಿದ್ದವೆ ಕಣವ್ವ, ಮಿಕ್ಕಿದ್ದೆಲ್ಲ ಬರೀ ಜಿಲೇಬಿ ಮೀನು" ಅನ್ನುತ್ತಿದ್ದ. ಅವನ ಮಾತಿನ ಹಿಂದೆ ಹುಟ್ಟು ನೀರಿಗೆ ಬೀಳುವ ಸದ್ದು ಕೇಳುತ್ತಿತ್ತು. ಕಾರಿನಲ್ಲಿ ಒಬ್ಬಳೇ ಇರುತ್ತಿದ್ದೆನಲ್ಲ, ಧೈರ್ಯವಾಗಿ ಖುಷಿಪಡುತ್ತಿದ್ದೆ.

ಅಪ್ಪ ಬಂದ ಸುದ್ದಿ ಕೇಳಿ ದೇಸಾಯಿ ಅವರ ಫೋನು ಬಂತು. ಮಾರ್ಗನ್ ಹಿಲ್ ಆಚೆಯ ಒಂದು ಕೆರೆಯಲ್ಲಿ ಶನಿವಾರ ಮೀನು ಎಣಿಸುತ್ತಾರಂತೆ. ಯಾವ ಗಾತ್ರದ ಮೀನು ಎಷ್ಟಿವೆ ಎಂದು ನೋಡಿ, ಮುಂದೆ ಯಾವುದನ್ನು ಹಿಡಿಯಲು ಬಿಡಬೇಕು, ಯಾವುದನ್ನು ವಾಪಸ್ ನೀರಿಗೆ ಹಾಕಿಸಬೇಕು ಎಂದು ನಿಯಮ ಮಾಡಲಿಕ್ಕೆ. ಸಹಾಯಕ್ಕೆ ಯಾರು ಬೇಕಾದರೂ ಹೋಗಬಹುದಿತ್ತು. "ಸಾಹೇಬರನ್ನ ಕರಕೊಂಡ ಬರ್ರಿ, ಅವರಿಗೆ ಭಾಳ ಖುಷಿ ಆಗ್ತದ" ಅಂದರು. ಕೆರೆ ಅಂದದ್ದೇ ತಡ, ಅಪ್ಪ ಎದ್ದು ನಿಂತ. ಮೂರು ದಿನದಿಂದ ಅವನು ನಮ್ಮ ಸೋಫಾದ ಅಂಚಿನಲ್ಲಿ ನೆಂಟರ ಮನೆಗೆ ಬಂದವನ ಹಾಗೆ ಕೂತಿದ್ದ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ದಾರಿಯಲ್ಲಿ ಅಪ್ಪನಿಗೆ ಆಫೀಸರ್ ವಿಷಯ ಹೇಳಿಬಿಡಬೇಕು ಅಂದುಕೊಂಡೆ. ಅದಕ್ಕೂ ಬಾಯಿ ಬರಲಿಲ್ಲ.

ನಾವು ಹೋದಾಗ ರಾತ್ರಿ ಬಿಟ್ಟಿದ್ದ ಬಲೆಗಳನ್ನು ದಡದ ಹತ್ತಿರ ಮೊಣಕಾಲುದ್ದ ನೀರಿಗೆ ಎಳೆದು ತಂದಿದ್ದರು. ಬಂದಿದ್ದವರೆಲ್ಲ ಉತ್ಸಾಹಿಗಳೇ. ಆದರೆ ಬಲೆಯಿಂದ ಮೀನು ಬಿಡಿಸುವುದು ಒಬ್ಬರಿಗೂ ಬರುತ್ತಿರಲಿಲ್ಲ. ಹಿಂದಕ್ಕೆ ಎಳೆಯುತ್ತಿದ್ದರು, ಕಿವಿರು ಇನ್ನಷ್ಟು ಸಿಕ್ಕಿಕೊಳ್ಳುತ್ತಿತ್ತು. ಅಪ್ಪ ಸ್ವಲ್ಪ ಹೊತ್ತು ಚಡಪಡಿಸಿದ. ಆಮೇಲೆ, ನಾನು ಕೊಡಿಸಿದ್ದ ಹೊಸ ಶೂ ಬಿಚ್ಚಿಟ್ಟು, ಪ್ಯಾಂಟು ಮಡಚಿ, ನೀರಿಗೆ ಇಳಿದೇಬಿಟ್ಟ.

"ಕೈ ನೆನೆಸ್ಕೊಳಾಕೆ ಹೇಳವ್ವ ಅವ್ರ್ಗೆ. ಒಣಗಿದ್ ಕೈಲಿ ಮುಟ್ಟುದ್ರೆ ಮೈಮೇಲಿನ ಲೋಳೆ ಹೋಯ್ತದೆ, ಆಮೇಲೆ ಬಿಟ್ರೂ ಬದುಕಲ್ಲ."

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಅಪ್ಪ ಮೀನನ್ನು ಮುಂದಕ್ಕೆ ತಳ್ಳಿ, ಒಂದೇ ಬೆರಳಿನಲ್ಲಿ ಎಳೆ ಸರಿಸಿ ಬಿಡಿಸಿದ. ಒಂದಾದ ಮೇಲೆ ಒಂದು. ಜನ ತಮ್ಮ ಕೆಲಸ ಬಿಟ್ಟು ನೋಡುತ್ತ ನಿಂತರು. ಆ ಕೈಗಳನ್ನು ನೋಡಿ ನನಗೂ ಎದೆ ತುಂಬಿ ಬಂತು. ಸುಳ್ಳು ಹೇಳುವುದಿಲ್ಲ, ಹೆಮ್ಮೆಯೇ ಆಯಿತು.

ಎಣಿಕೆ ನಡೆಸುತ್ತಿದ್ದ ಅಧಿಕಾರಿ ಮಿನೆಸೋಟ ಕಡೆಯ ಹೆಂಗಸು. ಅಪ್ಪನ ಪಕ್ಕದಲ್ಲೇ ನೀರಲ್ಲಿ ನಿಂತಳು. ಅವಳ ಊರಿನ ಕೆರೆಗಳಲ್ಲಿ ವಾಲೈ ಎಂಬ ಮೀನಂತೆ, ಜನಕ್ಕೆ ಅದೆಂದರೆ ಪ್ರಾಣವಂತೆ. ನಡುಗಾತ್ರದವನ್ನು ತಿನ್ನಲು ಒಯ್ಯಬಹುದು, ಮೊಟ್ಟೆಯಿಡುವ ದೊಡ್ಡವನ್ನು ಬಿಡಲೇಬೇಕು, ಇಲ್ಲದಿದ್ದರೆ ಕೆರೆ ಬರಿದಾಗುತ್ತದೆ ಅಂದಳು. ನಾನು ಅದನ್ನು ಕನ್ನಡದಲ್ಲಿ ಹೇಳುವ ಮೊದಲೇ ಅಪ್ಪ ಕೈಯಲ್ಲಿದ್ದ ದೊಡ್ಡ ಬಾಸ್ ಮೀನಿನ ಉಬ್ಬಿದ ಹೊಟ್ಟೆ ತೋರಿಸಿ, "ತಾಯಿ" ಅಂತ ಒಂದೇ ಮಾತು ಹೇಳಿ, ಅಳತೆ ಬರೆದುಕೊಂಡ ಕೂಡಲೇ ಅದನ್ನು ಮೆಲ್ಲಗೆ ನೀರಿಗೆ ಬಿಟ್ಟ. ಅವಳು ಜೋರಾಗಿ ನಕ್ಕಳು. ಅವನೂ ನಕ್ಕ.

"ನಮ್ಮಪ್ಪ ಬದುಕಿಡೀ ಮೀನು ಹಿಡಿದವನು. ನಾನು ಕಲಿತದ್ದೆಲ್ಲ ಅವನಿಂದಲೇ" ಅಂದಳು ನನಗೆ, ಎಲ್ಲರ ಮುಂದೆ. "ಇವರೂ ಫಿಶರ್‌ಮ್ಯಾನಾ?"

ಆ ಒಂದು ಇಂಗ್ಲಿಷ್ ಪದ ಅಪ್ಪನಿಗೆ ಗೊತ್ತು. ಮುಖ ಅರಳಿತು. ಒದ್ದೆ ಕೈಯನ್ನು ಎದೆಯ ಮೇಲಿಟ್ಟುಕೊಂಡು ಇನ್ನೇನು ಹೌದು ಅನ್ನುವುದರಲ್ಲಿದ್ದ. ನನ್ನ ಪಕ್ಕದಲ್ಲಿ ದೇಸಾಯಿ ಅವರು ನಿಂತಿದ್ದರು.

"ನೋ, ನೋ" ಅಂದೆ. "ಫಿಶರೀಸ್ ಆಫೀಸರ್."

ದೇಸಾಯಿ ಅವರು ಅಪ್ಪನ ಕಡೆ ತಿರುಗಿ, "ಆಫೀಸರ್ ಆಗಿದ್ದೂ ಎಂಥಾ ಕೈರೀ ನಿಮ್ದು! ಎಲ್ಲಿ ಕಲಿತ್ರಿ ಸಾಹೇಬ್ರ?" ಅಂದರು. ಅವರ ಮಾತಿನಲ್ಲಿ ಕೊಂಕು ಇರಲಿಲ್ಲ.

ಅಪ್ಪ ನನ್ನ ಮುಖ ನೋಡಿದ. ಅವನಿಗೆ ಎಲ್ಲ ಅರ್ಥವಾಯಿತು. ಕೈ ಎದೆಯಿಂದ ಇಳಿಯಿತು.

"ಆಫೀಸ್ನಲ್ಲಿ ಜವಾನ್ರು ಮಾಡೋರು ಸಾರ್. ನೋಡ್ಕಂಡು ಕಲ್ತೆ" ಅಂದ.

ನೀರಿನಿಂದ ಎದ್ದು ಬಂದ. ಕೈ ಒರೆಸಿಕೊಂಡ, ಶೂ ಹಾಕಿಕೊಂಡು ಲೇಸು ಕಟ್ಟಿದ, ಮಡಚುವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತ. ಆಫೀಸರ್ ಹೇಗೆ ಕೂರುತ್ತಾರೆ ಅಂತ ಅವನು ಎಲ್ಲಿ ನೋಡಿದ್ದನೋ. ಅಧಿಕಾರಿ ಎರಡು ಸಲ ಬಂದು ಕರೆದಳು. ಅವನು ನಕ್ಕು ಕೈ ಮುಗಿದ. ಆಮೇಲೆ ಬಲೆಯಲ್ಲಿದ್ದ ಎರಡು ದೊಡ್ಡ ಮೀನು, ಬಿಡಿಸಲು ಬಾರದವರ ಕೈಯಲ್ಲೇ ಸತ್ತವು. ಅಪ್ಪ ಆ ಕಡೆ ನೋಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ, "ಅಪ್ಪಾ, ಇಲ್ಲಿ ಜನ ಹೆಂಗೆ ಅಂದ್ರೆ..." ಅಂತ ಶುರು ಮಾಡಿದೆ.

"ಬುಡವ್ವ. ನೀನು ಇವ್ರ ಜೊತೆ ಬಾಳಬೇಕಲ್ಲ" ಅಂದ.

ಬೈದಿದ್ದರೆ ಚೆನ್ನಾಗಿತ್ತು. ಇನ್ನೂ ಎರಡು ತಿಂಗಳು ಇಲ್ಲಿದ್ದ. ಬೀದಿಯಲ್ಲಿ ದೇಸಾಯಿ ಅವರು ಸಿಕ್ಕಾಗಲೆಲ್ಲ ಅಂಗಿಯ ಕಾಲರು ಸರಿ ಮಾಡಿಕೊಳ್ಳುತ್ತಿದ್ದ. ನಿಜ ಗೊತ್ತಾಗಿದ್ದರೆ ಅವರು ಏನಾದರೂ ಅನ್ನುತ್ತಿದ್ದರೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮಂಚ ಎಳೆದುಕೊಂಡವಳು ಹಾಸ್ಟೆಲಿನ ಹುಡುಗಿ. ಅಪ್ಪನನ್ನು ನೀರಿನಿಂದ ಎಬ್ಬಿಸಿದವಳು ನಾನು.

ಈಗಲೂ ದಿನವೂ ಸಂಜೆ ಫ್ರೀವೇಯಿಂದ ಫೋನು ಮಾಡುತ್ತೇನೆ. ಊಟ ಆಯಿತಾ, ಚಳಿ ಇದೆಯಾ ಅನ್ನುತ್ತಾನೆ. ಅವತ್ತಿನಿಂದ ಮೀನಿನ ಮಾತನ್ನು ಒಮ್ಮೆಯೂ ಎತ್ತಿಲ್ಲ. ಏನು ಮಾಡ್ತಿದ್ದೀಯಪ್ಪಾ ಅಂದರೆ, "ಏನಿಲ್ಲ ಕಣವ್ವ, ಸುಮ್ಕೆ ಮನೇಲೇ ಕುಂತಿವ್ನಿ" ಅನ್ನುತ್ತಾನೆ.

ಅವನ ಮಾತಿನ ಹಿಂದೆ ಹುಟ್ಟು ನೀರಿಗೆ ಬೀಳುವುದು ನನಗೆ ಕೇಳಿಸುತ್ತದೆ. ನಾನು ಹೂಂ ಅನ್ನುತ್ತೇನೆ.