ಗಂಡಸರು ಆರಿಸಿದ ಪಾತ್ರೆ

ನಮ್ಮ ಮನೆಯಲ್ಲಿ ಬಿಯರ್ ಮಾಡುವುದು ನಾನು, ಹೆಸರು ನನ್ನ ಗಂಡನದು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಹ್ರೇನಿನ ರಿಫಾದಲ್ಲಿರುವ ನಮ್ಮ ಫ್ಲ್ಯಾಟಿಗೆ ಬಂದು ಕುಡಿದು ಹೊಗಳಿ ಹೋದ ಯಾರಿಗೂ ಇದು ಗೊತ್ತಿರಲಿಲ್ಲ.

ನನ್ನ ಅಮ್ಮ ಕ್ರಿಸ್ಮಸ್‌ಗೆ ದ್ರಾಕ್ಷಿ ವೈನ್ ಮಾಡುತ್ತಿದ್ದಳು. ಮದುವೆಯಾಗಿ ಬಹ್ರೇನ್‌ಗೆ ಬಂದ ಮೇಲೆ ನಾನೂ ಮಾಡಿದೆ. ವೈನ್ ಬಿಟ್ಟು ಬಿಯರಿಗೆ ಕೈಹಾಕಿದ್ದು ಬರೀ ಕುತೂಹಲಕ್ಕೆ. ಬಾರ್ಲಿ ಮಾಲ್ಟಿನ ಪಾಕವನ್ನು ಹತ್ತು ಲೀಟರಿನ ಸ್ಟೀಲ್ ಪಾತ್ರೆಯಲ್ಲಿ ಕುದಿಸಿ, ಕಹಿಗೆಂದು ಹಾಪ್ಸ್ ಹೂ ಹಾಕಿ, ಐಸಿನಲ್ಲಿ ಬೇಗ ತಣಿಸಿ, ಯೀಸ್ಟ್ ಬೆರೆಸಿ, ಗಾಜಿನ ಭರಣಿಯಲ್ಲಿ ತುಂಬಿ ಎಸಿ ಇರುವ ಚಿಕ್ಕ ಕೋಣೆಯಲ್ಲಿ ಇಡುತ್ತಿದ್ದೆ. ನಾನು ನರ್ಸ್. ಪಾತ್ರೆಯನ್ನು ಎಷ್ಟು ಶುಚಿಯಾಗಿ ಇಡಬೇಕೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೊದಲ ಸಲ ನೆಂಟರಿಗೆ ಕೊಟ್ಟ ದಿನ ಇವರು ನನಗಿಂತ ಮೊದಲೇ ಬಾಯಿ ತೆರೆದು, ‘ನಾನೇ ಮಾಡಿದ್ದು’ ಅಂದರು. ಹೆಂಗಸು ಬಿಯರ್ ಕಾಯಿಸುತ್ತಾಳೆ ಅಂದರೆ ಇಗರ್ಜಿಯ ಅಂಗಳದಲ್ಲಿ ಮಾತಾಗುತ್ತದೆ ಎಂದು ಆಮೇಲೆ ನನಗೆ ಕಾರಣ ಕೊಟ್ಟರು. ನನ್ನ ಮಾನ ಕಾಪಾಡಿದ ಮಹಾನುಭಾವ! ಕ್ರಮೇಣ ಅದೇ ರೂಢಿಯಾಯಿತು. ಗ್ಲಾಸನ್ನು ಲೈಟಿಗೆ ಹಿಡಿದು ಬಣ್ಣ, ನೊರೆ, ಹದ ಎಂದು ಇವರು ಪ್ರವಚನ ಕೊಡುವಾಗ ನಾನು ಅಡುಗೆಮನೆಯಲ್ಲಿ ಮೀನು ಹುರಿಯುತ್ತಿದ್ದೆ. ಒಂದೇ ಒಂದು ಸಲ, ನಾಲ್ಕು ಜನರ ಎದುರು, ‘ಇದು ಇವಳು ಮಾಡಿದ್ದು’ ಎಂದು ಆ ಬಾಯಿಂದ ಬರಲಿ ಅಂತ ನನಗೆ ಬಹಳ ಆಸೆಯಿತ್ತು. ಕೇಳಿ ಹೇಳಿಸಿಕೊಳ್ಳುವಷ್ಟು ಕೆಳಗಿಳಿಯಲು ಮನಸ್ಸಿರಲಿಲ್ಲ.

ಹಾಗಿರುವಾಗ ಇವರ ಅಕ್ಕನ ಮದುವೆಗೆ ಇಪ್ಪತ್ತೈದು ವರ್ಷ ತುಂಬಿತು. ಅರಾದ್‌ನಲ್ಲಿ ಅವರ ವಿಲ್ಲಾ. ಊಟ ಅಲ್ಲೇ ಎಂದು ನಿಶ್ಚಯವಾದ ಕೂಡಲೇ ಇವರು ಎದ್ದು ನಿಂತು, ‘ಬಿಯರ್ ಪೂರ್ತಿ ನನ್ನ ಲೆಕ್ಕ’ ಅಂದುಬಿಟ್ಟರು. ಅಷ್ಟು ಜನಕ್ಕೆ ನನ್ನ ಹತ್ತು ಲೀಟರಿನ ಪಾತ್ರೆ ಎಲ್ಲಿ ಸಾಲುತ್ತದೆ? ಮರುದಿನವೇ ಇಬ್ಬರು ಗೆಳೆಯರು ನಮ್ಮ ಮನೆಗೆ ಬಂದರು, ಪಾತ್ರೆ ಆರಿಸುವ ಸಭೆಗೆ. ಒಬ್ಬನದು ಬುಸೈತೀನ್‌ನಲ್ಲಿ ಮನೆ, ದಿನಸಿ ಸಾಮಾನಿನ ಗೋದಾಮು ನೋಡಿಕೊಳ್ಳುವವನು. ಇನ್ನೊಬ್ಬ ಹೋಟೆಲಿನಲ್ಲಿ ಪಾರ್ಟಿಗಳ ಉಸ್ತುವಾರಿ. ಇವರೋ ಕಂಪೆನಿಯಲ್ಲಿ ಪರ್ಚೇಸ್ ಮ್ಯಾನೇಜರ್.

‘ಸಾಮಾನು ತೆಗೊಳ್ಳುವುದನ್ನು ನನಗೆ ಬಿಡಿ ಮಾರಾಯ್ರೆ. ನನ್ನ ಕೆಲಸವೇ ಅದಲ್ವಾ?’ ಅಂದರು ಇವರು.

ಇವರು ಆಫೀಸಿಗೆ ಕೊಳ್ಳುವುದು ಸಿಮೆಂಟು ಮತ್ತು ಕಬ್ಬಿಣದ ಸರಳು.

ನಾನು ನನಗೆ ಬೇಕಾದ್ದನ್ನು ಹೇಳಿದೆ. ‘ಮೂವತ್ತು ಲೀಟರಿನದ್ದು ಎರಡು ತನ್ನಿ. ಸ್ಟೀಲಿನದ್ದು, ದಪ್ಪ ತಳದ್ದು. ಅಗಲಕ್ಕಿಂತ ಎತ್ತರ ಜಾಸ್ತಿ ಇರ್ಲಿ, ಇಲ್ಲದಿದ್ರೆ ಅರ್ಧ ಆವಿಯಾಗಿ ಹೋಗ್ತದೆ. ಕೆಳಗೆ ನಲ್ಲಿ ಇರ್ಲೇಬೇಕು. ಕುದಿಯುವ ಪಾತ್ರೆಯನ್ನು ಎತ್ತಿ ಬಗ್ಗಿಸ್ಲಿಕ್ಕೆ ಆಗ್ತದಾ?’

‘ಆಯ್ತು, ಆಯ್ತು. ನೀನು ಒಂದು ಚಾ ಮಾಡು’ ಅಂದರು ಇವರು.

ಚಾ ತರುವಷ್ಟರಲ್ಲಿ ಗೋದಾಮಿನವನು ತನ್ನ ಕಾರಿನಿಂದ ಒಂದು ನೀಲಿ ಡ್ರಮ್ಮನ್ನು ಹೊತ್ತು ತಂದಿದ್ದ. ಬಿಯರ್ ಹುದುಗಿಸಲು ಇದೇ ಸಾಕಂತೆ. ಮುಚ್ಚಳ ತೆಗೆದು ಮೂಗಿಟ್ಟೆ.

‘ಇದ್ರಲ್ಲಿ ಎಂತ ಇತ್ತು?’

‘ಉಪ್ಪುನೀರಲ್ಲಿ ಹಾಕಿದ ಆಲಿವ್ ಕಾಯಿ, ಅತ್ತಿಗೆ. ನಾಲ್ಕು ಸಲ ತೊಳೆದದ್ದುಂಟು.’

‘ನಾಲ್ಕು ಸಲ ತೊಳೆದ ಮೇಲೆ ಒಂದು ಸಲ ಮೂಸಿ ನೋಡ್ಬಹುದಿತ್ತು.’

ಡ್ರಮ್ಮು ಬಂದ ದಾರಿಯಲ್ಲೇ ವಾಪಸು ಹೋಯಿತು. ಹುದುಗಿಸಲು ಕುಡಿಯುವ ನೀರಿನ ಹೊಸ ದೊಡ್ಡ ಬಾಟಲಿಗಳು ಸಾಕು ಎಂದೆ. ಇಡೀ ವ್ಯವಹಾರದಲ್ಲಿ ನನ್ನ ಮಾತು ನಡೆದದ್ದು ಅಲ್ಲಿ ಮಾತ್ರ.

ಪಾತ್ರೆಗೆ ಮೂವರೂ ಮನಾಮಾದ ಸೂಕ್ ಪೇಟೆಗೆ ಹೋದರು. ನನಗೆ ಡ್ಯೂಟಿ ಇಲ್ಲದಿದ್ದರೂ ಕರೆಯಲಿಲ್ಲ. ಹಲಸಿನಹಣ್ಣು ಬಡಿದು ನೋಡುವಂತೆ ಒಂದೊಂದೇ ಪಾತ್ರೆಯನ್ನು ಬಡಿದು ಸದ್ದು ಕೇಳಿದರಂತೆ. ಸದ್ದಿನಿಂದ ಏನು ತಿಳಿಯಿತೋ ದೇವರಿಗೇ ಗೊತ್ತು. ಸಂಜೆ ನಮ್ಮ ಕಟ್ಟಡದ ಇಕ್ಕಟ್ಟಾದ ಲಿಫ್ಟಿನ ಬಾಗಿಲು ತೆರೆದಾಗ ಒಳಗೆ ಇದ್ದದ್ದು ಪಾತ್ರೆ ಒಂದೇ. ಮನುಷ್ಯರಿಗೆ ಜಾಗವಿಲ್ಲದೆ ಮೂವರೂ ಮೆಟ್ಟಿಲು ಹತ್ತಿ ಬಂದರು. ಎಂಬತ್ತು ಲೀಟರಿನದು, ಅಲ್ಯೂಮಿನಿಯಂ. ಎತ್ತರ ಕಡಿಮೆ, ಅಗಲ ಜಾಸ್ತಿ. ಎರಡು ಪಕ್ಕದಲ್ಲಿ ರಿವೆಟ್ ಹೊಡೆದ ಹಿಡಿಗಳು, ಒಳಕ್ಕೆ ಸುರುಳಿ ಸುತ್ತಿದ ಅಂಚು. ನಲ್ಲಿ ಇರಲಿಲ್ಲ.

‘ಒಂದು ಇಡೀ ಕುರಿ ಹಿಡೀತದೆ ಅಂತ ಅಂಗಡಿಯವ ಹೇಳಿದ’ ಎಂದು ಇವರು ಹೆಮ್ಮೆಯಿಂದ ಹೇಳಿದರು.

‘ನಾವು ಬೇಯಿಸುವುದು ಕುರಿಯಾ?’

‘ದೊಡ್ಡದು ತಂದ್ರೆ ಮುಂದಕ್ಕೂ ಆಗ್ತದೆ.’

‘ತುಂಬಿದ ಮೇಲೆ ಎತ್ತುವವರು ಯಾರು?’

‘ನಾವು ಮೂರು ಜನ ಇಲ್ವಾ?’ ಅಂದ ಹೋಟೆಲಿನವನು. ಖಾಲಿ ಪಾತ್ರೆಯನ್ನೇ ಲಿಫ್ಟಿನಿಂದ ಒಳಗೆ ತರುವಾಗ ಅವನ ಉಸಿರು ಮೇಲೆ ಕೆಳಗೆ ಆಗಿತ್ತು.

ಅಷ್ಟಾದರೂ ಆ ಪಾತ್ರೆಯಲ್ಲಿ ನಾನು ಹೇಗಾದರೂ ಸುಧಾರಿಸುತ್ತಿದ್ದೆ. ಕೆಡಿಸಿದ್ದು ಇವರ ಮನೆಯ ಒಂದು ಪದ್ಧತಿ. ಹೊಸ ದೊಡ್ಡ ಪಾತ್ರೆ ಮನೆಗೆ ಬಂದರೆ ಅದರಲ್ಲಿ ಮೊದಲು ವೊರ್ನ್ ಆಗಬೇಕು. ವೊರ್ನ್ ಅಂದರೆ ಕಡಲೆಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ. ಪಾತ್ರೆ ಬಂದ ಸುದ್ದಿ ತಿಳಿದ ಇವರ ಅಕ್ಕ ಅರಾದ್‌ನಿಂದ ತೆಂಗಿನಕಾಯಿ ಕಟ್ಟಿಕೊಂಡೇ ಬಂದರು.

‘ಹೊಸ ಪಾತ್ರೆಗೆ ಮೊದಲು ಸಿಹಿ. ಕುಡಿಯುವುದು ಗಿಡಿಯುವುದೆಲ್ಲ ಆಮೇಲೆ’ ಅಂದರು.

‘ಅಕ್ಕ, ತೆಂಗಿನ ಹಾಲಿನ ಜಿಡ್ಡು ಹೋಗುವುದಿಲ್ಲ. ಬಿಯರಿಗೆ ಜಿಡ್ಡು ತಾಗಿದ್ರೆ ನೊರೆ ನಿಲ್ಲುವುದಿಲ್ಲ. ಸಿಹಿ ಆಗ್ಬೇಕಾದ್ರೆ ಬರೀ ಬೆಲ್ಲದ ನೀರು ಕುದಿಸುವ’ ಎಂದೆ.

‘ತೆಂಗಿನ ಹಾಲು ಇಲ್ಲದ್ದು ಎಂತ ವೊರ್ನ್ ಹೆಣ್ಣೇ?’

ನಾನು ಇವರ ಮುಖ ನೋಡಿದೆ. ಆಫೀಸಿನ ಬಾಗಿಲಿಗೆ ನಿಂಬೆಹಣ್ಣು ಕಟ್ಟಿದವರನ್ನು ವಾರಗಟ್ಟಲೆ ಗೇಲಿ ಮಾಡಿದ ಮನುಷ್ಯ ಇವರು. ಈಗ ತೆಂಗಿನಕಾಯಿ ಒಡೆಯಲು ಕತ್ತಿ ಹುಡುಕುತ್ತಿದ್ದರು. ವೊರ್ನ್ ಆಯಿತು, ಇಡೀ ಕಟ್ಟಡಕ್ಕೆ ಹಂಚಿದ್ದೂ ಆಯಿತು. ರುಚಿಯಾಗಿತ್ತು, ಅದನ್ನು ಅಲ್ಲಗಳೆಯುವುದಿಲ್ಲ.

‘ಪಾತ್ರೆಯನ್ನು ಮುಟ್ಬೇಡಿ. ಸಂಜೆ ಬಂದು ಸೋಡಾಪುಡಿ ಹಾಕಿ ನಾನೇ ಉಜ್ಜುತ್ತೇನೆ’ ಎಂದು ಹೇಳಿ ಮರುದಿನ ಡ್ಯೂಟಿಗೆ ಹೋದೆ. ಬಂದು ನೋಡಿದರೆ ಮೂವರೂ ಒಲೆಯ ಸುತ್ತ ನಿಂತಿದ್ದಾರೆ, ಮಾಲ್ಟ್ ಕುದಿಯುತ್ತಿದೆ. ಸಿಂಕಿನಲ್ಲಿ ಪಾತ್ರೆ ಹಿಡಿಯದ್ದಕ್ಕೆ ಬಾತ್‌ರೂಮಿನಲ್ಲಿ ಇಟ್ಟು ಶವರ್ ಬಿಟ್ಟು ತೊಳೆದರಂತೆ.

‘ಬಿಸಿನೀರಿನಲ್ಲೇ ತೊಳೆದದ್ದು’ ಅಂದರು ಇವರು. ಜೂನ್ ತಿಂಗಳು. ಟೆರೇಸಿನ ಟ್ಯಾಂಕಿಯಿಂದ ಯಾವ ನಲ್ಲಿ ತಿರುಗಿಸಿದರೂ ಬರುವುದು ಬಿಸಿನೀರೇ. ಅದೂ ಇವರ ಸಾಧನೆ!

ಬಗ್ಗಿ ನೋಡಿದೆ. ಅಂಚಿನ ಸುರುಳಿಯಿಂದಲೂ ರಿವೆಟ್ಟುಗಳ ಸಂದಿನಿಂದಲೂ ಜಿಡ್ಡು ಬಿಟ್ಟುಕೊಂಡು, ಮೀನುಸಾರಿನ ಮೇಲೆ ನಿಂತಂತೆ ಎಣ್ಣೆಯ ಕಣ್ಣುಗಳು ತೇಲುತ್ತಿದ್ದವು. ಅಷ್ಟು ಮಾಲ್ಟ್ ಚೆಲ್ಲಿದರೆ ಮತ್ತೆ ತರಿಸಲು ಸಮಯವಿರಲಿಲ್ಲ. ಸೌಟಿನಲ್ಲಿ ತೆಗೆದಷ್ಟು ತೆಗೆದೆ, ಹಾಪ್ಸ್ ಹಾಕಿದೆ. ಇಳಿಸುವ ಹೊತ್ತಿಗೆ ಮೂರು ಗಂಡಸರು ಒಂದೊಂದು ಕಡೆಯಿಂದ ಮುಟ್ಟಿ ನೋಡಿ ಹಿಂದೆ ಸರಿದರು. ಕೊನೆಗೆ ಚೆಂಬಿನಲ್ಲಿ ಮೊಗೆದು ಮೊಗೆದು ಬಕೆಟ್ಟುಗಳಿಗೆ ತುಂಬಿದ್ದಾಯಿತು. ನಲ್ಲಿಯ ನೀರಿನಲ್ಲಿ ಇಟ್ಟು ತಣಿಸುವಂತಿಲ್ಲವಲ್ಲ. ಸುತ್ತಲಿನ ಕೋಲ್ಡ್ ಸ್ಟೋರ್ ಎನ್ನುವ ಸಣ್ಣ ಅಂಗಡಿಗಳಲ್ಲಿದ್ದ ಐಸಿನ ಚೀಲಗಳೆಲ್ಲ ನಮ್ಮ ಬಾತ್‌ಟಬ್ಬಿಗೆ ಬಂದವು. ಯೀಸ್ಟ್ ಬೆರೆಸಿ ಬಾಟಲಿಗಳನ್ನು ಎಸಿ ಕೋಣೆಯಲ್ಲಿ ಸಾಲಾಗಿ ಇಟ್ಟವಳೂ ನಾನೇ. ಆ ಹೊತ್ತಿಗೆ ಸಭಾಸದರು ಟಿವಿಯ ಮುಂದೆ ಇದ್ದರು.

ಹುದುಗು ಮುಗಿದ ಮೇಲೆ ಒಂದು ಗುಟುಕು ಕುಡಿದೆ. ಹಳೆಯ ಕೊಬ್ಬರಿಯ ಮುಗ್ಗಲು.

‘ಇದು ಬೇಡ. ಅಂಗಡಿಯಿಂದ ತರುವ’ ಎಂದೆ.

‘ಕುಡಿಯುವಾಗ ಯಾರಿಗೂ ಗೊತ್ತಾಗುವುದಿಲ್ಲ’ ಅಂದರು ಇವರು. ಹೆಸರು ಹೋಗುತ್ತದಲ್ಲ, ಅದಕ್ಕೆ.

ಅರಾದ್‌ನಲ್ಲಿ ಕೇಕ್ ಕತ್ತರಿಸಿ, ಪ್ರಾರ್ಥನೆ ಮುಗಿಸಿ, ಎಲ್ಲರ ಗ್ಲಾಸು ತುಂಬಿಸಿದರು. ಎದ್ದ ನೊರೆ ನೋಡನೋಡುತ್ತಿದ್ದಂತೆ ಮಾಯವಾಯಿತು. ಮೇಲೆ ಒಂದು ತೆಳುವಾದ ಮಿರುಗು ಉಳಿಯಿತು. ಒಬ್ಬರು ಕೆಮ್ಮಿದರು. ಒಬ್ಬರು ‘ಸ್ವಲ್ಪ ಬೇರೆ ಥರ ಉಂಟು’ ಅಂದು ಗ್ಲಾಸನ್ನು ಕಿಟಕಿಯ ಬಳಿ ಇಟ್ಟರು. ಇವರ ಭಾವ, ಆ ದಿನದ ಮದುಮಗ, ಮುಲಾಜು ಇಲ್ಲದ ಮನುಷ್ಯ. ಗ್ಲಾಸನ್ನು ಮೂಸಿ ಕೇಳಿದರು:

‘ಇದೆಂತ ಮಾರಾಯ, ತಲೆಗೆ ಹಾಕುವ ಎಣ್ಣೆಯ ವಾಸನೆ? ನಿನ್ನ ಬಿಯರ್ ಹೀಗೆ ಇರ್ಲಿಲ್ಲವಲ್ಲ.’

ಹಾಲ್ ತುಂಬ ಜನ. ಎಲ್ಲರ ಕಣ್ಣು ಇವರ ಮೇಲೆ. ಇವರು ನಗುತ್ತಾ ನನ್ನ ಕಡೆ ಕೈ ತೋರಿಸಿದರು.

‘ಈ ಸಲದ್ದು ಇವಳು ಮಾಡಿದ್ದು.’

ಇಷ್ಟು ವರ್ಷ ನಾನು ಕಾದ ಮಾತು ಇದೇ. ನೀವು ಹಾಕಿಸಿದ ಜಿಡ್ಡು, ನೀವು ತಂದ ದರಿದ್ರ ಪಾತ್ರೆ ಎಂದು ಅಲ್ಲೇ ಕೂಗಾಡಬೇಕು ಅನಿಸಿತು. ಕೂಗಾಡಿದ್ದರೆ ಗಂಡನ ಮೇಲೆ ತಪ್ಪು ಹೊರಿಸುವ ಹೆಂಡತಿ ಎಂದು ಆಗುತ್ತಿತ್ತು. ಕೆಟ್ಟುಹೋದದ್ದನ್ನು ನನ್ನದು ಎಂದು ಒಪ್ಪಿಕೊಂಡವಳು ಹಿಂದಿನದ್ದೂ ನನ್ನದೇ ಎಂದರೆ ಯಾರೂ ಸುಳ್ಳು ಅನ್ನಲಾರರು ಎಂದು ಹೊಳೆದದ್ದು ಆಗಲೇ.

‘ಹೌದು, ನಾನೇ ಮಾಡಿದ್ದು. ಈ ಸಲದ್ದು ಮಾತ್ರ ಅಲ್ಲ, ಇಷ್ಟರವರೆಗೆ ನೀವು ಕುಡಿದದ್ದೆಲ್ಲ ನಾನೇ ಮಾಡಿದ್ದು’ ಎಂದೆ.

ಭಾವ ಗ್ಲಾಸು ಕೆಳಗಿಟ್ಟರು. ‘ಈಸ್ಟರಿನದ್ದು?’

‘ನಾನೇ.’

‘ಮೊನ್ನೆ ನನ್ನ ಬರ್ತ್‌ಡೇಗೆ ತಂದದ್ದು? ಅದು ಫಸ್ಟ್ ಕ್ಲಾಸ್ ಇತ್ತು.’

‘ಅದೂ ನಾನೇ.’

ಇವರ ಅಕ್ಕ ನನ್ನನ್ನೇ ನೋಡುತ್ತಿದ್ದರು. ಭಾವ ನಿಧಾನವಾಗಿ ನನ್ನ ಗಂಡನ ಕಡೆ ತಿರುಗಿದರು.

‘ಹಾಗಾದ್ರೆ ನೀನು ಮಾಡಿದ್ದು ಎಂತ?’

ಉಳಿದಷ್ಟು ಮಾನವನ್ನಾದರೂ ಉಳಿಸಿಕೊಳ್ಳಬೇಕಲ್ಲ, ಇವರು ಎದೆ ಸೆಟೆಸಿ ಹೇಳಿದರು:

‘ಪಾತ್ರೆ ಆರಿಸಿದ್ದು ನಾನು.’